ಶಾಕುಂತಲವೆಂಬ ಹೆಸರು

ಪೇಟೆಯ ಚೌಕದ ಗೋಡೆಯೊಂದರ ಮೇಲೆ ದಪ್ಪಕ್ಷರಗಳಲ್ಲಿ ‘ಶಾಕುಂತಲ’ ಎಂದು ಅಚ್ಚಾದ ಪ್ರಕಟನಪತ್ರವೊಂದನ್ನು ಅಂಟಿಸಿದ್ದಾರೆಂದು ಭಾವಿಸೋಣ. ಅದರ ಕೆಳಭಾಗ ಮಳೆಗೆ ನೆನೆದು ಹರಿದುಹೋಗಿದೆ. ಉಳಿದಿರುವುದು ಹೆಸರೊಂದೇ. ಅದನ್ನು ಕಂಡ ದಾರಿಹೋಕನು ತಿಳಿಯುವುದೇನು? ನಾಟಕವೊ, ವಾಕ್ಚಿತ್ರವೊ, ನೃತ್ಯವೊ, ಗದ್ಯದ ಕಥಾಪುಸ್ತಕವೊ ಎಂಬುದು ಅವನಿಗೆ ತಿಳಿಯದು. ಆದರೂ ಅವನು ‘ಓ, ಶಾಕುಂತಲವೆ? ನನಗೆ ಗೊತ್ತು’ ಎಂದು ತಲೆದೂಗಿ ಮುಂದೆ ಹೋಗುವನು. ಈ ‘ಗೊತ್ತು’ ಎಂಬ ಮಾತೇ ಇಂದಿನ ನಮ್ಮ ವಿಚಾರದ ವಿಷಯ. ಒಂದೇ ಹೆಸರನ್ನು ಹೊತ್ತು ಸಾವಿರಾರು ವರ್ಷಗಳಿಂದ ಹತ್ತಾರು ದೇಶಗಳಲ್ಲಿ ನೂರಾರು ಕೃತಿಗಳು ಹುಟ್ಟಿವೆ. ಹೆಸರು ಒಂದಾದ ಮಾತ್ರಕ್ಕೆ ಅವುಗಳೊಳಗಿರುವ ಹೆಂಗಸೂ ಒಬ್ಬಳೇ ಎಂದು ನಾವು ನಂಬಿಬಿಡುತ್ತೇವೆ. ಆ ನಂಬಿಕೆ ಎಷ್ಟರ ಮಟ್ಟಿಗೆ ಸಾಧುವೆಂಬುದನ್ನು ಸ್ವಲ್ಪ ಪರಿಶೀಲಿಸೋಣ.

ಮೊದಲು ಹೆಸರನ್ನೇ ಬಿಡಿಸಿ ನೋಡಬೇಕು. ಸಂಸ್ಕೃತದಲ್ಲಿ ಶಕುಂತವೆಂದರೆ ಹಕ್ಕಿ. ಹೆತ್ತತಾಯಿ ಕಾಡಿನಲ್ಲಿ ಬಿಟ್ಟುಹೋದ ಹಸುಳೆಯನ್ನು ಹಕ್ಕಿಗಳು ಸುತ್ತುವರಿದು ಕಾಪಾಡುತ್ತಿದ್ದುದನ್ನು ಕಂಡು ಕಣ್ವಮಹರ್ಷಿಯು ಅದಕ್ಕೆ ಶಕುಂತಲೆಯೆಂದು ಹೆಸರಿಟ್ಟನೆಂದು ಮಹಾಭಾರತವು ಹೇಳುತ್ತದೆ. ಹೀಗೆ ಶಕುಂತಲೆಯೆಂಬುದು ಒಬ್ಬ ಹುಡುಗಿಯ ಹೆಸರು. ಅದಕ್ಕೆ ತದ್ಧಿತಪ್ರತ್ಯಯ ಹತ್ತಿ ಮೊದಲ ಅಕ್ಷರ ದೀರ್ಘವಾದರೆ ಶಾಕುಂತಲ. ಅದು ಅವಳನ್ನು ಕುರಿತ ಕೃತಿಯ ಹೆಸರು. ಒಂದು ದೀರ್ಘಾಕ್ಷರದ ಅಂತರದಲ್ಲಿ ವ್ಯಕ್ತಿ ಬೇರೆ, ಕೃತಿ ಬೇರೆ ಎಂಬ ವಿವೇಕವನ್ನು ನಮ್ಮ ವ್ಯಾಕರಣವು ಕಾಪಾಡಿಕೊಂಡು ಬಂದಿತ್ತು. ಐರೋಪ್ಯ ಲಿಪಿಗಳಿಗೆ ಹೋದಾಗ ಈ ದೀರ್ಘವು ಅಳಿದುಹೋಯಿತು. ಹುಡುಗಿಯೂ ನಾಟಕವೂ ಒಂದಾದವು. ಇನ್ನೊಂದು ಸಂಗತಿ: ಕಾಳಿದಾಸನು ತನ್ನ ನಾಟಕಕ್ಕೆ ಬರಿಯ ಶಾಕುಂತಲವೆಂದು ಹೆಸರಿಡಲಿಲ್ಲ, ಅಭಿಜ್ಞಾನಶಾಕುಂತಲವೆಂದು ಇಟ್ಟನು. ಅಭಿಜ್ಞಾನವೆಂದರೆ ಗುರುತು, ಗುರುತಿನ ವಸ್ತು. ಅದು ರಾಜಮುದ್ರೆಯ ಉಂಗುರ. ಲೋಕವು ಬಳಕೆಯ ಸೌಲಭ್ಯಕ್ಕಾಗಿ ಆ ಉದ್ದ ಹೆಸರನ್ನು ಮೊಟಕುಮಾಡಿಕೊಂಡಿತು. ಮೊಟಕುಮಾಡುವಾಗ ಕಳೆದುಕೊಂಡದ್ದಾದರೂ ಯಾವುದು? ಕಥೆಯಲ್ಲಿ ಕಾಳಿದಾಸನು ಹೊಸದಾಗಿ ಹೂಡಿದ ಕಟ್ಟೇ ಆ ಉಂಗುರ. ಅದನ್ನು ಹೇಳುವ ಪದವೇ ಬಿದ್ದುಹೋಯಿತು.

ಹಾಗಾದರೆ ಉಂಗುರವಿಲ್ಲದ ಶಕುಂತಲೆ ಯಾರು? ಅವಳು ಮಹಾಭಾರತದ ಆದಿಪರ್ವದಲ್ಲಿದ್ದಾಳೆ. ನಮ್ಮಲ್ಲಿ ಓದುಬರಹ ಬಲ್ಲವರಲ್ಲಿಯೂ ಅನೇಕರು ಅವಳನ್ನು ಸಂಧಿಸಿದವರಲ್ಲ. ಆದ್ದರಿಂದ ಅವಳ ವಿಷಯವಾಗಿ ಸ್ವಲ್ಪ ವಿಸ್ತರಿಸಿಯೇ ಹೇಳಬೇಕಾಗಿದೆ. ದುಷ್ಯಂತನು ಬೇಟೆಯಾಡುತ್ತ ಕಣ್ವಾಶ್ರಮಕ್ಕೆ ಬರುವನು. ಋಷಿ ಮನೆಯಲ್ಲಿಲ್ಲ. ಶಕುಂತಲೆಯೇ ಅತಿಥಿಸತ್ಕಾರ ಮಾಡುವಳು. ತನ್ನ ಹುಟ್ಟಿನ ಕಥೆಯನ್ನು ತಾನೇ ಹೇಳುವಳು. ಅದಕ್ಕೆ ಸಖಿಯರ ನೆರವು ಬೇಕಿಲ್ಲ, ಸಖಿಯರೇ ಅಲ್ಲಿಲ್ಲ. ರಾಜನು ಗಾಂಧರ್ವವಿವಾಹವನ್ನು ಸೂಚಿಸಿದಾಗ ಆಕೆ ಕರಾರನ್ನು ಮುಂದಿಡುವಳು: ತನ್ನಲ್ಲಿ ಹುಟ್ಟುವ ಮಗನೇ ಯುವರಾಜನಾಗಬೇಕು. ರಾಜನು ಹಿಂದುಮುಂದು ನೋಡದೆ ಒಪ್ಪುವನು, ಸೇನೆಯನ್ನು ಕಳುಹಿಸಿ ಕರೆಸಿಕೊಳ್ಳುವೆನೆಂದು ಮಾತುಕೊಟ್ಟು ಹೋಗುವನು, ಕರೆಸಿಕೊಳ್ಳುವುದೇ ಇಲ್ಲ.

ಮಗನು ಆಶ್ರಮದಲ್ಲಿ ಬೆಳೆದು ಆರು ವರ್ಷದವನಾಗಿ, ಸಿಂಹ ಶಾರ್ದೂಲಗಳನ್ನು ಹಿಡಿದು ಕಟ್ಟಿಹಾಕುವ ಸರ್ವದಮನನೆನಿಸಿಕೊಂಡ ಮೇಲೆ, ಅವನನ್ನು ಕರೆದುಕೊಂಡು ಅವಳು ರಾಜಸಭೆಗೆ ಹೋಗುವಳು. ರಾಜನಿಗೆ ಎಲ್ಲವೂ ನೆನಪಿದೆ. ಶಾಪವಿಲ್ಲ, ಮರೆವಿಲ್ಲ. ನೆನಪಿದ್ದೂ ‘ನಾನು ನಿನ್ನನ್ನು ಅರಿಯೆ’ ಎಂದುಬಿಡುವನು. ಇಲ್ಲಿಂದ ಮುಂದೆ ಬರುವ ಶಕುಂತಲೆಯ ಮಾತುಗಳು ಭಾರತೀಯ ಸಾಹಿತ್ಯದಲ್ಲಿ ಹೆಂಗಸೊಬ್ಬಳು ತುಂಬಿದ ಸಭೆಯಲ್ಲಿ ಆಡಿದ ಮಾತುಗಳಲ್ಲೆಲ್ಲ ಅಗ್ರಪಂಕ್ತಿಗೆ ಸೇರತಕ್ಕವು. ಹೆಂಡತಿಯೆಂದರೆ ಏನು, ಮಗನೆಂದರೆ ಏನು, ಏಕಾಂತದಲ್ಲಿ ಮಾಡಿದ್ದಕ್ಕೆ ಸಾಕ್ಷಿಯಿಲ್ಲವೆಂದು ತಿಳಿಯುವವನ ಮೌಢ್ಯವೇನು ಎಂಬುದನ್ನು ಒಂದೊಂದಾಗಿ ಎತ್ತಿ ಹೇಳುವಳು. ರಾಜನು ಅವಳ ಹುಟ್ಟನ್ನು ಹೀಯಾಳಿಸಿದಾಗ ಅವಳು ತಲೆತಗ್ಗಿಸುವುದಿಲ್ಲ. ಮೇನಕೆಯ ಮಗಳಾದ ತಾನು ಹುಟ್ಟಿನಲ್ಲಿ ಅವನಿಗಿಂತ ಮೇಲೆಂದು ಉತ್ತರ ಕೊಡುವಳು. ಪರರ ದೋಷವನ್ನೂ ತನ್ನ ದೋಷವನ್ನೂ ಅಳೆಯುವುದಕ್ಕೆ ಸಾಸಿವೆಕಾಳನ್ನೂ ಬಿಲ್ವದ ಕಾಯಿಯನ್ನೂ ಹೋಲಿಕೆ ಕೊಡುವ ಪ್ರಸಿದ್ಧವಾದ ಮಾತು ಈ ಸಂದರ್ಭದ್ದೇ. ಕಡೆಗೆ, ಸತ್ಯವು ಅಶ್ವಮೇಧಸಹಸ್ರಕ್ಕಿಂತ ಭಾರವಾದದ್ದೆಂದು ಹೇಳಿ, ನೀನಿಲ್ಲದೆಯೂ ನನ್ನ ಮಗನು ಭೂಮಿಯನ್ನಾಳುವನೆಂದು ಸಾರಿ ಹೊರಡಲು ಅನುವಾಗುವಳು. ಆಗ ಅಶರೀರವಾಣಿಯಾಗುತ್ತದೆ. ರಾಜನು ತನ್ನ ಪುರೋಹಿತ ಅಮಾತ್ಯರ ಕಡೆ ತಿರುಗಿ, ಇವನು ನನ್ನ ಮಗನೆಂಬುದನ್ನು ನಾನೂ ಬಲ್ಲೆ. ಬರಿಯ ಅವಳ ಮಾತಿನ ಮೇಲೆ ಒಪ್ಪಿದ್ದರೆ ಲೋಕವು ಶಂಕಿಸುತ್ತಿತ್ತು ಎಂದು ಸಮಾಧಾನ ಹೇಳುವನು. ಆ ಸಮಾಧಾನ ಕೇಳುವವರಿಗೆ ಒಪ್ಪಿಗೆಯಾಗುವುದೊ ಇಲ್ಲವೊ ಬೇರೆ ಮಾತು. ಶಕುಂತಲೆ ಅದನ್ನು ಒಪ್ಪಿಕೊಂಡಳು.

ಈ ಒರಟು ಕಲ್ಲನ್ನು ಕಾಳಿದಾಸನು ಕಡೆದು ಏಳು ಅಂಕಗಳ ವಿಗ್ರಹವನ್ನಾಗಿ ಮಾಡಿದನು. ಪ್ರಿಯಂವದೆ ಅನಸೂಯೆಯರನ್ನು ತಂದನು. ದುರ್ವಾಸನ ಶಾಪವನ್ನು ತಂದನು. ಉಂಗುರವನ್ನೂ ಅದನ್ನು ನುಂಗಿದ ಮೀನನ್ನೂ ತಂದನು. ಮಗಳನ್ನು ಗಂಡನ ಮನೆಗೆ ಕಳುಹಿಸುವ ಕಣ್ವನ ದುಃಖವನ್ನು ತಂದನು. ನಾಲ್ಕನೆಯ ಅಂಕವನ್ನು ಓದಿ ಕಣ್ಣು ಒದ್ದೆಯಾಗದ ತಂದೆತಾಯಿಗಳು ವಿರಳ. ಶಾಪವನ್ನು ತಂದುದರ ಫಲವೇನೆಂದರೆ ದುಷ್ಯಂತನು ಸುಳ್ಳುಗಾರನಾಗುವುದು ತಪ್ಪಿತು, ಮರೆತವನಾದನು. ಧೀರೋದಾತ್ತನಾದ ನಾಯಕನನ್ನು ಉಳಿಸಿಕೊಳ್ಳುವುದಕ್ಕೆ ಕವಿಗೆ ಬೇರೆ ದಾರಿಯಿರಲಿಲ್ಲವೆಂದು ನಮ್ಮ ಪಂಡಿತರು ಹೇಳುವರು, ಅದು ನಿಜವೇ. ಆದರೆ ಅದಕ್ಕೆ ತೆತ್ತ ಬೆಲೆಯೂ ಉಂಟು. ಎದುರಿಗಿರುವವನು ಸುಳ್ಳಾಡುತ್ತಿಲ್ಲವೆಂದಾದ ಮೇಲೆ, ಸತ್ಯವನ್ನು ಕುರಿತು ಅವಳು ಆಡಿದ್ದ ಆ ದೀರ್ಘವಾದ ಮಾತುಗಳಿಗೆ ಗುರಿಯೇ ಇಲ್ಲದಂತಾಯಿತು. ಕಾಳಿದಾಸನ ಶಕುಂತಲೆ ಮೂಕಳೆಂದು ಇದರರ್ಥವಲ್ಲ. ಐದನೆಯ ಅಂಕದಲ್ಲಿ ಅವಳು ರಾಜನನ್ನು ಅನಾರ್ಯನೆಂದು ಕರೆಯುವಷ್ಟು ಕೆರಳುವಳು. ಆದರೆ ಆ ಕಿಡಿ ಕ್ಷಣಕಾಲದ್ದು. ಉಂಗುರ ಬೆರಳಿನಲ್ಲಿಲ್ಲ, ವಾದಿಸುವುದಕ್ಕೆ ಬಾಯಿದ್ದರೂ ತೋರಿಸುವುದಕ್ಕೆ ಗುರುತಿಲ್ಲ.

ಇದಲ್ಲದೆ ಕಾಳಿದಾಸನ ನಾಟಕವಾದರೂ ಒಂದೇ ಪಾಠವಾಗಿ ನಮಗೆ ಬಂದಿದೆಯೆ ಎಂದರೆ ಅದೂ ಇಲ್ಲ. ಬಂಗಾಳದ ಪಾಠ, ದೇವನಾಗರಿಯ ಪಾಠ, ಕಾಶ್ಮೀರದ ಪಾಠ, ದಕ್ಷಿಣದ ಪಾಠ ಎಂದು ವಿದ್ವಾಂಸರು ಬೇರೆ ಬೇರೆ ಪರಂಪರೆಗಳನ್ನು ಗುರುತಿಸಿರುವರು. ಬಂಗಾಳಪಾಠದಲ್ಲಿ ಮೂರನೆಯ ಅಂಕದ ಶೃಂಗಾರವು ಹೆಚ್ಚು ವಿಸ್ತಾರವಾಗಿದೆ. ಉಳಿದ ಕೆಲವು ಪಾಠಗಳಲ್ಲಿ ಅದು ಸಂಗ್ರಹವಾಗಿದೆ. ಕಾಳಿದಾಸನು ಬರೆದದ್ದು ಯಾವುದೆಂಬ ಚರ್ಚೆಯಲ್ಲಿ ಪಂಡಿತರು ಬಹುಕಾಲ ಕಳೆದಿರುವರು. ನಮ್ಮ ಪ್ರಸ್ತುತಕ್ಕೆ ಬೇಕಾದುದಿಷ್ಟು: ಹೆಸರಿನ ಕೆಳಗೆ ಹೆಸರು, ಅದರ ಕೆಳಗೆ ಮತ್ತೊಂದು ಹೆಸರು ಎಂಬಂತೆ, ಒಂದೇ ಶೀರ್ಷಿಕೆಯೊಳಗೂ ಹಲವು ಕೃತಿಗಳು ಅಡಗಿರಬಹುದು.

ಯೂರೋಪಿಗೆ ಹೋದದ್ದು ಬಂಗಾಳಪಾಠ. ಕಲ್ಕತ್ತೆಯ ಸುಪ್ರೀಂ ಕೋರ್ಟಿನ ನ್ಯಾಯಾಧೀಶನಾಗಿದ್ದ ಸರ್ ವಿಲಿಯಂ ಜೋನ್ಸನು ‘ನಾಟಕ’ವೆಂದು ಕರೆಯಲ್ಪಡುವ ಗ್ರಂಥಗಳೆಂದರೆ ಏನೆಂದು ವಿಚಾರಿಸುತ್ತಿದ್ದಾಗ, ಪಂಡಿತ ರಾಧಾಕಾಂತನು ಅವು ಕಲ್ಕತ್ತೆಯಲ್ಲಿ ಆಂಗ್ಲೇಯರು ಚಳಿಗಾಲದಲ್ಲಿ ಆಡುತ್ತಿದ್ದ ಆಟಗಳಂಥವೇ ಎಂದು ತಿಳಿಸಿದನಂತೆ. ಜೋನ್ಸನು ಮೊದಲು ಅದನ್ನು ಪದಶಃ ಲ್ಯಾಟಿನ್ನಿಗೆ ಇಳಿಸಿಕೊಂಡು, ಅಲ್ಲಿಂದ ಇಂಗ್ಲಿಷಿಗೆ ತಿರುಗಿಸಿ ೧೭೮೯ರಲ್ಲಿ ಕಲ್ಕತ್ತೆಯಲ್ಲಿ ಅಚ್ಚುಹಾಕಿಸಿದನು. ಅವನಿಟ್ಟ ಹೆಸರು ‘ಸಕೊಂತಲಾ ಅಥವಾ ವಿಧಿಯ ಉಂಗುರ’ ಎಂಬರ್ಥದ್ದು. ನಮ್ಮವರು ಕೈಬಿಟ್ಟ ಉಂಗುರವನ್ನು ಅವನು ಹೆಸರಿನಲ್ಲಿ ಉಳಿಸಿಕೊಂಡನೆಂಬುದನ್ನು ಗಮನಿಸಬೇಕು. ಅದೇ ಕೈಯಿಂದ, ನಾಯಿಕೆಯ ಅಂಗಸೌಂದರ್ಯದ ವರ್ಣನೆಗಳಲ್ಲಿ ತನ್ನ ದೇಶದವರಿಗೆ ಅತಿಯಾಗಿ ಕಾಣಬಹುದಾದವನ್ನು ತಗ್ಗಿಸಿಯೂ ಇಟ್ಟನು. ಜಾರ್ಜ್ ಫೋರ್ಸ್ಟರನು ಆ ಇಂಗ್ಲಿಷನ್ನು ೧೭೯೧ರಲ್ಲಿ ಜರ್ಮನ್ನಿಗೆ ಪರಿವರ್ತಿಸಿದನು. ಅದನ್ನೋದಿ ಗಯಟೆಯು ಪರವಶನಾಗಿ ಶಕುಂತಲೆಯನ್ನು ಹೊಗಳಿ ಪುಟ್ಟ ಪದ್ಯವೊಂದನ್ನು ಬರೆದನು. ಅವನ ಫೌಸ್ಟ್ ನಾಟಕದ ರಂಗಪ್ರಸ್ತಾವನೆಗೆ ಕಾಳಿದಾಸನ ಸೂತ್ರಧಾರನೇ ಪ್ರೇರಣೆಯೆಂದು ವಿಮರ್ಶಕರು ಹೇಳುವರು. ಆ ಪದ್ಯವನ್ನು ನಮ್ಮಲ್ಲಿ ಎಷ್ಟು ಸಲ ಉದ್ಧರಿಸಿದ್ದಾರೆಂಬುದಕ್ಕೆ ಲೆಕ್ಕವಿಲ್ಲ. ಆದರೆ ಗಯಟೆ ಕಂಡ ಶಕುಂತಲೆ ಮೂರು ಭಾಷೆಗಳ ಹೊಸಲು ದಾಟಿ ಬಂದವಳೆಂಬುದನ್ನು ಉದ್ಧರಿಸುವವರು ಮರೆಯುತ್ತಾರೆ. ಮೂಲದಲ್ಲಿ ರಾಜನು ಸಂಸ್ಕೃತವನ್ನೂ ಶಕುಂತಲೆ ಪ್ರಾಕೃತವನ್ನೂ ಆಡುವರು. ಬೆಸ್ತರವನ ಪ್ರಾಕೃತವು ಇನ್ನೂ ಬೇರೆ. ಲ್ಯಾಟಿನ್ನಿಗೆ ಬಂದ ಗಳಿಗೆಯಲ್ಲಿಯೇ ಈ ಭೇದವೆಲ್ಲ ಸಮತಟ್ಟಾಗಿ, ಕಾಡಿನ ಹುಡುಗಿಯೂ ಚಕ್ರವರ್ತಿಯೂ ಒಂದೇ ನುಡಿಯವರಾದರು.

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಈ ಹೆಸರು ಪಡೆದ ಪ್ರಚಾರವು ಆಶ್ಚರ್ಯಕರವಾದದ್ದು. ವಿಯೆನ್ನದಲ್ಲಿ ಶೂಬರ್ಟನು ೧೮೨೦ರಲ್ಲಿ ‘ಸಕೊಂತಲಾ’ ಎಂಬ ಗೀತನಾಟಕವನ್ನು ಆರಂಭಿಸಿ ಪೂರೈಸದೆ ಬಿಟ್ಟನು. ೧೮೫೮ರಲ್ಲಿ ಪ್ಯಾರಿಸಿನ ಒಪೆರಾ ರಂಗಮಂದಿರದಲ್ಲಿ ಅದೇ ಹೆಸರಿನ ನೃತ್ಯನಾಟಕವನ್ನು ಆಡಿದರು. ಕಥೆಯನ್ನು ಹೊಂದಿಸಿಕೊಟ್ಟವನು ಕವಿ ಥಿಯೊಫಿಲ್ ಗೋತಿಯೆ, ಸಂಗೀತ ಅರ್ನೆಸ್ಟ್ ರೆಯೆಯದು, ನೃತ್ಯಸಂಯೋಜನೆ ಲೂಸಿಯೆನ್ ಪೆತಿಪನದು. ಆ ಪ್ರಕಾರದಲ್ಲಿ ಪಾತ್ರಗಳಿಗೆ ಮಾತೆಂಬುದೇ ಇಲ್ಲ. ಕಾಲು, ಕೈ, ಕಣ್ಣುಗಳೇ ಎಲ್ಲವನ್ನೂ ಹೇಳಬೇಕು. ವ್ಯಾಸರ ಸಭೆಯಲ್ಲಿ ಗುಡುಗಿದವಳು ಪ್ಯಾರಿಸಿನಲ್ಲಿ ಅಕ್ಷರಶಃ ಮೂಕಳಾದಳು! ೧೮೬೫ರಲ್ಲಿ ಕಾರ್ಲ್ ಗೋಲ್ಡ್‌ಮಾರ್ಕನು ವಾದ್ಯವೃಂದಕ್ಕಾಗಿ ರಚಿಸಿದ ‘ಸಕುಂತಲಾ’ ಎಂಬ ಪೂರ್ವರಂಗಸಂಗೀತವು ಅವನಿಗೆ ಮೊದಲ ಕೀರ್ತಿಯನ್ನು ತಂದಿತು. ಅಲ್ಲಿ ಮಾತೂ ಇಲ್ಲ, ಪಾತ್ರವೂ ಇಲ್ಲ, ನಾದ ಮಾತ್ರ. ೧೮೮೪ರಲ್ಲಿ ವೈಮಾರಿನಲ್ಲಿ ವೈನ್‌ಗಾರ್ಟ್ನರನ ಗೀತನಾಟಕವನ್ನು ಆಡಿದರು. ೧೯೧೪ರ ಡಿಸೆಂಬರಿನಲ್ಲಿ, ಯುದ್ಧದ ನಡುವೆ, ತೈರೊವನು ಮಾಸ್ಕೋವಿನಲ್ಲಿ ತನ್ನ ಕಾಮೆರ್ನಿ ರಂಗಮಂದಿರವನ್ನು ತೆರೆದದ್ದೂ ಶಾಕುಂತಲದಿಂದಲೇ.

ಇವುಗಳ ನಡುವೆ ಎರಡು ಸಂಗತಿಗಳು ನಮ್ಮ ವಿಷಯಕ್ಕೆ ವಿಶೇಷವಾಗಿ ಒದಗುತ್ತವೆ. ಮೊದಲನೆಯದು ಫ್ರಾನ್ಸಿನ ಶಿಲ್ಪಿ ಕಮಿಲ್ ಕ್ಲೊಡೆಲ್ ಎಂಬಾಕೆಯದು. ಮೊಣಕಾಲೂರಿದ ಗಂಡಸು, ಅವನತ್ತ ಬಾಗಿ ಒರಗಿದ ಹೆಂಗಸು: ಈ ಜೋಡಿಯನ್ನು ಆಕೆ ೧೮೮೮ರಲ್ಲಿ ‘ಸಕುಂತಲಾ’ ಎಂಬ ಹೆಸರಿನಲ್ಲಿ ಗಾರೆಯಲ್ಲಿ ಪ್ರದರ್ಶಿಸಿದಳು. ನಾಟಕದ ಏಳನೆಯ ಅಂಕದಲ್ಲಿ ಪಶ್ಚಾತ್ತಾಪಪಟ್ಟ ದುಷ್ಯಂತನು ಕಾಲಿಗೆ ಬೀಳುವ ಸನ್ನಿವೇಶವದು. ಆ ವಿಗ್ರಹವನ್ನೇ ಆಕೆ ಮುಂದೆ ಅಮೃತಶಿಲೆಯಲ್ಲಿ ಕಡೆದಾಗ ರೋಮನರ ಪುರಾಣದ ದಂಪತಿಗಳಾದ ವೆರ್ಟಮ್ನಸ್ ಮತ್ತು ಪೊಮೊನಾ ಎಂದು ಹೆಸರಾಯಿತು. ಕಂಚಿನಲ್ಲಿ ಎರಕಹೊಯ್ದಾಗ ‘ಸಮರ್ಪಣೆ’ ಎಂಬ ಅರ್ಥದ ಮೂರನೆಯ ಹೆಸರು ಬಂದಿತು. ನಾವು ಇದುವರೆಗೆ ಒಂದು ಹೆಸರು ಹಲವು ಕೃತಿಗಳ ಮೇಲೆ ಕುಳಿತುದನ್ನು ಕಂಡೆವು. ಇಲ್ಲಿ ಒಂದೇ ಕೃತಿಯ ಮೇಲೆ ಹಲವು ಹೆಸರುಗಳು ಬಂದು ಕುಳಿತಿವೆ.

ಎರಡನೆಯದು ಇಟಲಿಯ ಫ್ರಾಂಕೊ ಅಲ್ಫಾನೊ ಎಂಬುವನದು. ಪುಚಿನಿ ಅರ್ಧಕ್ಕೆ ಬಿಟ್ಟು ಮಡಿದ ‘ತುರಾಂದೋತ್’ ಗೀತನಾಟಕವನ್ನು ಪೂರೈಸಿಕೊಟ್ಟವನೆಂದು ಸಂಗೀತಪ್ರಪಂಚವು ಇವನನ್ನು ಬಲ್ಲುದು. ಅದಕ್ಕೆ ಮುಂಚೆ, ೧೯೨೧ರ ಡಿಸೆಂಬರಿನಲ್ಲಿ, ಬೊಲೊನ್ಯ ನಗರದಲ್ಲಿ ಇವನ ‘ಸಕುಂತಲೆಯ ಐತಿಹ್ಯ’ವು ರಂಗಕ್ಕೆ ಬಂದಿತ್ತು. ಅದರಲ್ಲಿ ನಾಯಿಕೆ ಮರಳಿ ಬರುವುದಿಲ್ಲ. ರಾಜನಿಗೆ ದಕ್ಕುವುದು ಮಗು ಮಾತ್ರ. ಎರಡನೆಯ ಮಹಾಯುದ್ಧದಲ್ಲಿ ಪ್ರಕಾಶಕರ ಭಂಡಾರವು ಬಾಂಬಿಗೆ ತುತ್ತಾಗಿ ಆ ಸಂಗೀತಲಿಪಿ ನಾಶವಾಯಿತೆಂದು ಎಲ್ಲರೂ ನಂಬಿದರು. ವೃದ್ಧನಾದ ಅಲ್ಫಾನೊ ಅದನ್ನು ಮತ್ತೆ ಆದ್ಯಂತವಾಗಿ ರಚಿಸಿ ೧೯೫೨ರಲ್ಲಿ ‘ಸಕುಂತಲಾ’ ಎಂಬ ಹೆಸರಿನಿಂದ ರೋಮಿನಲ್ಲಿ ಹೊರತಂದನು. ಎರಡು ವರ್ಷಗಳ ಮೇಲೆ ತೀರಿಕೊಂಡನು. ೨೦೦೫ರಲ್ಲಿ ಅದೇ ಪ್ರಕಾಶಕರ ಭಂಡಾರದಲ್ಲಿ ಮೊದಲ ಲಿಪಿ ಸಿಕ್ಕಿತು! ಮೀನಿನ ಹೊಟ್ಟೆಯಿಂದ ಉಂಗುರ ಹೊರಬಂದುದಕ್ಕೆ ಇದು ಕಡಮೆಯೆ? ಹೀಗೆ ಒಬ್ಬನೇ ಕರ್ತೃವಿನಿಂದ ಒಂದೇ ಹೆಸರಿನ ಎರಡು ಗೀತನಾಟಕಗಳು ಈಗ ಇವೆ.

ಇನ್ನು ನಮ್ಮ ದೇಶಕ್ಕೆ ಮರಳೋಣ. ಬಂಗಾಳದಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ೧೮೫೪ರಲ್ಲಿ ಶಕುಂತಲೆಯ ಕಥೆಯನ್ನು ತಿಳಿಗದ್ಯದಲ್ಲಿ ಬರೆದರು. ೧೮೯೫ರಲ್ಲಿ ಚಿತ್ರಕಾರ ಅವನೀಂದ್ರನಾಥ ಠಾಕೂರರು ಅದೇ ಹೆಸರಿನಿಂದ ಮಕ್ಕಳಿಗಾಗಿ ಪುಟ್ಟ ಪುಸ್ತಕವೊಂದನ್ನು ರಚಿಸಿದರು. ತಿರುವಾಂಕೂರಿನ ರಾಜಾ ರವಿವರ್ಮನ ಕುಂಚದಿಂದ ಶಕುಂತಲೆ ಹಲವು ಸಲ ಹೊರಟಳು: ತಾವರೆಯೆಲೆಯ ಮೇಲೆ ಓಲೆ ಬರೆಯುತ್ತಿರುವವಳು, ಕಾಲಿನ ಮುಳ್ಳನ್ನು ತೆಗೆಯುವ ನೆವದಿಂದ ಹಿಂದಿರುಗಿ ನೋಡುತ್ತಿರುವವಳು. ಅವನ ಮುದ್ರಣಾಲಯವು ೧೮೯೪ರಲ್ಲಿ ಮೊದಲು ಅಚ್ಚುಮಾಡಿದ ವರ್ಣಚಿತ್ರವು ಶಕುಂತಲೆಯ ಜನನದ್ದು. ಕಾಲಿನ ಮುಳ್ಳಿನ ಶಕುಂತಲೆ ಮನೆಮನೆಯ ಗೋಡೆಯನ್ನೇರಿದಳು. ನಮ್ಮ ಹಿರಿಯರಲ್ಲಿ ಬಹುಮಂದಿ ಕಾಳಿದಾಸನನ್ನು ಓದುವ ಮೊದಲೇ ಅವಳನ್ನು ಕಂಡಿದ್ದವರು; ಓದಿದ ಮೇಲೂ ಅವರ ಕಣ್ಣಮುಂದೆ ನಿಂತದ್ದು ಆ ಮುಖವೇ. ಸಭೆಯಲ್ಲಿ ನಿಂತು ವಾದಿಸುವ ಶಕುಂತಲೆಯನ್ನು ಆ ಗೋಡೆಗಳ ಮೇಲೆ ಕಂಡವರು ಕಡಮೆ.

ಮರಾಠಿಯಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ೧೮೮೦ರ ಅಕ್ಟೋಬರ್ ೩೧ರಂದು ಪುಣೆಯಲ್ಲಿ ‘ಸಂಗೀತ ಶಾಕುಂತಲ’ದ ಮೊದಲ ನಾಲ್ಕಂಕಗಳನ್ನು ಆಡಿಸಿದರು. ಮರಾಠಿ ಸಂಗೀತನಾಟಕದ ಯುಗವು ಅಂದಿನಿಂದ ಮೊದಲಾಯಿತೆಂದು ಎಣಿಸುವರು. ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿಯ ಸೀಮೆಯ ಗುರ್ಲಹೊಸೂರಿನಲ್ಲಿ. ಸೂತ್ರಧಾರನು ಪದ್ಯಗಳನ್ನೆಲ್ಲ ಹಾಡಿ ನಟರು ಗದ್ಯವನ್ನು ಮಾತ್ರ ಆಡುತ್ತಿದ್ದ ಹಳೆಯ ಪದ್ಧತಿಯನ್ನು ಬಿಟ್ಟು, ಪಾತ್ರಧಾರಿಗಳೇ ತಮ್ಮ ತಮ್ಮ ಹಾಡುಗಳನ್ನು ಹಾಡುವಂತೆ ಮಾಡಿದ್ದು ಅವರ ಹೆಚ್ಚಳ. ಅಲ್ಲಿ ಶಕುಂತಲೆಯಾದವರೆಲ್ಲ ಗಂಡಸರು. ಭಾವೂರಾವ್ ಕೊಲ್ಹಟಕರರ ಕಂಠದಿಂದ ಆ ಪಾತ್ರವು ಪ್ರಸಿದ್ಧವಾಯಿತು. ಬಾಲಗಂಧರ್ವರು ೧೯೦೫ರಲ್ಲಿ ಮಿರಜಿನಲ್ಲಿ ಮೊದಲ ಸಲ ಬಣ್ಣಹಚ್ಚಿ ನಿಂತದ್ದೂ ಶಕುಂತಲೆಯಾಗಿಯೇ.

ಕನ್ನಡದಲ್ಲಿ ಈ ಹೆಸರಿನ ಚರಿತ್ರೆ ಕಿರ್ಲೋಸ್ಕರರ ನಾಟಕಕ್ಕಿಂತ ಹಳೆಯದು. ಚುರಮುರಿ ಶೇಷಗಿರಿರಾಯರು ೧೮೭೦ರ ಹೊತ್ತಿಗೆ, ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಉತ್ತರ ಕರ್ನಾಟಕದಲ್ಲಿ, ಶಾಕುಂತಲವನ್ನು ಕನ್ನಡಿಸಿದರು. ಅಲ್ಲಿ ಆಗ ಮರಾಠಿಯ ಪ್ರಾಬಲ್ಯವಿದ್ದ ಕಾಲ. ಕನ್ನಡದಲ್ಲಿ ಆಡತಕ್ಕ ನಾಟಕಗಳೇ ವಿರಳವಾಗಿದ್ದವು. ವಿನೋದವೆಂದರೆ, ಸಾಂಗ್ಲಿಯ ವಿಷ್ಣುದಾಸ ಭಾವೆಯವರು ೧೮೪೩ರಲ್ಲಿ ಮರಾಠಿ ನಾಟಕವನ್ನು ಆರಂಭಿಸಿದ್ದೇ ಕರ್ನಾಟಕದ ಭಾಗವತರ ಮೇಳವನ್ನು ಕಂಡುದರ ಫಲವಾಗಿ. ಚುರಮುರಿಯವರ ಕೃತಿಯಲ್ಲಿ ಆ ಸೀಮೆಯ ಆಡುನುಡಿಯ ಬನಿ ಇದೆ. ಮೂಲದ ಪ್ರಾಕೃತವನ್ನು ಕನ್ನಡಕ್ಕೆ ತರುವುದು ಹೇಗೆಂಬುದು ನಮ್ಮ ಎಲ್ಲ ಭಾಷಾಂತರಕಾರರನ್ನೂ ಕಾಡಿದ ಪ್ರಶ್ನೆ. ಲ್ಯಾಟಿನ್ನಿನಲ್ಲಿ ಕಳೆದುಹೋದದ್ದು ಏನಾದರೂ ಮರಳಿ ದೊರೆಯುವಂತಿದ್ದರೆ ಅದು ಇಂಥ ಆಡುಮಾತಿನಲ್ಲಿಯೇ ದೊರೆಯಬೇಕೆಂದು ನನ್ನ ಅಭಿಪ್ರಾಯ.

ಮೈಸೂರಿನ ದಾರಿ ಬೇರೆ. ೧೮೮೧ರಲ್ಲಿ ಸಂಸ್ಥಾನವು ಒಡೆಯರ ಮನೆತನಕ್ಕೆ ಹಿಂದಿರುಗಿ ಚಾಮರಾಜೇಂದ್ರ ಒಡೆಯರು ಆಳತೊಡಗಿದ ಮೇಲೆ, ಅರಮನೆಯ ಆಶ್ರಯದಲ್ಲಿ ನಾಟಕಸಭೆ ಏರ್ಪಟ್ಟಿತು. ಅದಕ್ಕೆ ನಾಟಕಗಳು ಬೇಕಾಗಿದ್ದವು. ಆಸ್ಥಾನಕವಿ ಬಸವಪ್ಪಶಾಸ್ತ್ರಿಗಳು ಕರ್ಣಾಟಕ ಶಾಕುಂತಲ ನಾಟಕವನ್ನು ರಚಿಸಿದರು. ಮಹಾರಾಜರು ಅವರಿಗೆ ‘ಅಭಿನವ ಕಾಳಿದಾಸ’ ಎಂಬ ಬಿರುದನ್ನಿತ್ತರು. ಸಂಸ್ಥಾನದ ಗೀತೆಯಾಗಿ ಎಲ್ಲರ ಬಾಯಲ್ಲಿದ್ದ ‘ಕಾಯೌ ಶ್ರೀ ಗೌರಿ’ಯ ಕರ್ತೃಗಳೂ ಇವರೇ. ಶಾಸ್ತ್ರಿಗಳ ಕೈಯಲ್ಲಿ ಸಂಸ್ಕೃತದ ಶ್ಲೋಕವು ಕನ್ನಡದ ಕಂದವಾಗಿಯೊ ವೃತ್ತವಾಗಿಯೊ ಹೊರಬರುವಾಗ ಎಲ್ಲಿಯೂ ಎಡರಿದಂತೆ ಕಾಣದು. ಕನ್ನಡದಲ್ಲಿಯೇ ಮೊದಲು ಹುಟ್ಟಿತೊ ಎಂಬ ಭ್ರಾಂತಿ ಉಂಟಾಗುವುದು. ಆ ಬಿರುದು ಮುಖಸ್ತುತಿಯೆಂದು ಯಾರಾದರೂ ತಿಳಿದಿದ್ದರೆ ಅವರು ನಾಲ್ಕನೆಯ ಅಂಕವನ್ನು ಬಸವಪ್ಪಶಾಸ್ತ್ರಿಗಳ ಕನ್ನಡದಲ್ಲಿ ಓದಬೇಕು. ಹೀಗೆ ಧಾರವಾಡದ ಕಡೆಯವರಿಗೆ ಶಾಕುಂತಲವೆಂದರೆ ಒಂದು ರುಚಿ, ಮೈಸೂರಿನವರಿಗೆ ಇನ್ನೊಂದು ರುಚಿ. ಎರಡೂ ಕಾಳಿದಾಸನದೇ, ಎರಡೂ ಕನ್ನಡವೇ. ಮುಂದಿನ ಶತಮಾನದಲ್ಲಿ ಎಸ್. ವಿ. ಪರಮೇಶ್ವರ ಭಟ್ಟರು ಕಾಳಿದಾಸನ ಸಮಗ್ರಕೃತಿಗಳನ್ನು ಕನ್ನಡಿಸಿದಾಗ ಮತ್ತೊಂದು ಬಗೆಯ ಶಾಕುಂತಲವು ದೊರಕಿತು.

ಚಲಚ್ಚಿತ್ರಗಳ ವಿಷಯವನ್ನು ಬೇಗ ಬೇಗ ಹೇಳಿ ಮುಗಿಸಬಹುದು. ಅವುಗಳ ಸಂಖ್ಯೆ ಹೆಚ್ಚು, ವೈವಿಧ್ಯ ಅಷ್ಟಿಲ್ಲ. ೧೯೨೦ರಲ್ಲಿ ಸುಚೇತ ಸಿಂಗರು ತೆಗೆದ ಮೂಕಚಿತ್ರದಲ್ಲಿ ಡೊರೊಥಿ ಕಿಂಗ್ಡಮ್ ಎಂಬಾಕೆ ಶಕುಂತಲೆಯಾಗಿದ್ದಳು. ೧೯೩೧ರಲ್ಲಿ, ವಾಕ್ಚಿತ್ರ ಹುಟ್ಟಿದ ವರ್ಷವೇ, ಕಲ್ಕತ್ತೆಯ ಮದನ್ ಸಂಸ್ಥೆಯವರು ಹಾಡುಗಳಿಂದ ತುಂಬಿದ ಶಕುಂತಲಾವನ್ನು ಹೊರತಂದರು. ಮರುವರ್ಷ ತೆಲುಗಿನ ಶಕುಂತಲೆಯನ್ನು ನಿರ್ದೇಶಿಸಿದ ಸರ್ವೋತ್ತಮ ಬಾದಾಮಿಯವರು ನಮ್ಮ ಚನ್ನಪಟ್ಟಣದಲ್ಲಿ ಹುಟ್ಟಿದವರು. ೧೯೪೦ರ ತಮಿಳು ಚಿತ್ರಕ್ಕೆ ನಿರ್ದೇಶಕನು ತಮಿಳನ್ನರಿಯದ ಅಮೆರಿಕದವನು, ಎಲಿಸ್ ಡಂಗನ್, ನಾಯಿಕೆ ಎಂ. ಎಸ್. ಸುಬ್ಬುಲಕ್ಷ್ಮಿ, ನಾಯಕ ಜಿ. ಎನ್. ಬಾಲಸುಬ್ರಹ್ಮಣ್ಯಂ. ಸಂಗೀತಕ್ಕಾಗಿಯೇ ಜನ ಅದನ್ನು ನೋಡಿದರು. ಅಲ್ಲಿ ಶಕುಂತಲೆ ಮೂಕಳಲ್ಲ, ವಾದಿಸುವವಳೂ ಅಲ್ಲ; ಹಾಡುವವಳು. ೧೯೪೩ರಲ್ಲಿ ವಿ. ಶಾಂತಾರಾಮರು ತಮ್ಮ ರಾಜಕಮಲ ಸಂಸ್ಥೆಯ ಮೊದಲ ಚಿತ್ರವಾಗಿ ಜಯಶ್ರೀಯವರನ್ನು ಮುಂದಿಟ್ಟುಕೊಂಡು ಶಕುಂತಲಾವನ್ನು ತೆಗೆದರು. ಹುಡುಗತನದಲ್ಲಿ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದಿದ್ದ ಶಾಂತಾರಾಮರ ಆ ಚಿತ್ರವು ಮುಂಬಯಿಯ ಒಂದೇ ಚಿತ್ರಮಂದಿರದಲ್ಲಿ ೧೦೪ ವಾರ ನಡೆಯಿತು. ೧೯೪೭ರಲ್ಲಿ ಅಮೆರಿಕದಲ್ಲಿಯೂ ತೋರಿಸಲ್ಪಟ್ಟಿತು. ೧೯೬೧ರಲ್ಲಿ ಅಸ್ಸಾಮಿಯಲ್ಲಿ ಭೂಪೇನ ಹಜಾರಿಕರು, ೧೯೬೫ರಲ್ಲಿ ಮಲೆಯಾಳದಲ್ಲಿ ಕುಂಚಾಕೊ ಅವರು ಅದೇ ಕಥೆಯನ್ನು ಚಿತ್ರಿಸಿದರು. ೧೯೬೬ರ ತೆಲುಗಿನ ಶಕುಂತಲೆಯಾಗಿ ನಟಿಸಿದವರು ನಮ್ಮ ಬಿ. ಸರೋಜಾದೇವಿ. ಕನ್ನಡದ ಪ್ರೇಕ್ಷಕರ ನೆನಪಿನಲ್ಲಿ ಅಚ್ಚೊತ್ತಿರುವ ಶಕುಂತಲೆಯಾದರೊ ಬೇರೆ ಹೆಸರಿನ ಚಿತ್ರದೊಳಗೆ ಇದ್ದಾಳೆ: ೧೯೮೩ರ ‘ಕವಿರತ್ನ ಕಾಳಿದಾಸ’ದಲ್ಲಿ ರಾಜಕುಮಾರರು ಕಾಳಿದಾಸನೂ ಹೌದು, ದುಷ್ಯಂತನೂ ಹೌದು.

ಇಷ್ಟು ಮಂದಿ ಒಂದೇ ಹೆಸರನ್ನು ಬಳಸಿದರಲ್ಲ, ಅದಕ್ಕೆ ಒಡೆಯರಿಲ್ಲವೆ, ಕೇಳುವವರಿಲ್ಲವೆ ಎಂಬ ಪ್ರಶ್ನೆ ವಕೀಲವೃತ್ತಿಯ ಶ್ರೋತೃಗಳಿಗೆ ಹುಟ್ಟಬಹುದು. ಕಾಳಿದಾಸನ ಹಕ್ಕು ಎಂದೋ ತೀರಿದ ಮಾತು. ಹೊಸ ಕೃತಿಗಳ ಮಟ್ಟಿಗೂ ಭಾರತ ದೇಶದ ೧೯೫೭ರ ಕೃತಿಸ್ವಾಮ್ಯದ ಶಾಸನವು ಕೃತಿಗೆ ರಕ್ಷಣೆ ಕೊಡುವುದೇ ಹೊರತು ಬರಿಯ ಹೆಸರಿಗೆ ಕೊಡುವುದಿಲ್ಲ. ‘ದೇಸಿ ಬಾಯ್ಸ್’ ಎಂಬ ಹಿಂದಿ ಚಿತ್ರದ ಹೆಸರನ್ನು ಕುರಿತ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೫ರಲ್ಲಿ, ಶೀರ್ಷಿಕೆಯು ತಾನೇ ಒಂದು ಕೃತಿಯಲ್ಲವೆಂದೂ ಅದರಲ್ಲಿ ಕೃತಿಸ್ವಾಮ್ಯವಿಲ್ಲವೆಂದೂ ತೀರ್ಪಿತ್ತಿದೆ. ಇದು ನ್ಯಾಯವಾದದ್ದೇ, ಇಲ್ಲದಿದ್ದರೆ ಮೊದಲು ಬರೆದವನ ಹೆದರಿಕೆಯಿಂದ ಎರಡನೆಯ ಶಾಕುಂತಲವು ಹುಟ್ಟುತ್ತಲೇ ಇರಲಿಲ್ಲ.

ಹೆಸರು ಬಯಲಿಗೆ ಬಿದ್ದ ಮೇಲೆ ಅದು ಎಲ್ಲಿಗೆಂದರೆ ಅಲ್ಲಿಗೆ ಹೋಗುವುದು ಸಹಜ. ವಿದರ್ಭದ ಯವತಮಾಳ ಮುರ್ತಿಜಾಪುರಗಳ ನಡುವೆ ಕಿರಿಹಳಿಯ ಮೇಲೆ ಬಹುಕಾಲ ಓಡಿದ ನಿಧಾನಗತಿಯ ರೈಲನ್ನು ಜನರು ಶಕುಂತಲೆಯೆಂದೇ ಕರೆದರು. ಕ್ರಿಮಿಯದ ಸಿಮೆಯಿಸ್ ವೀಕ್ಷಣಾಲಯದಲ್ಲಿ ೧೯೩೦ರಲ್ಲಿ ಕಂಡುಹಿಡಿದ ಕ್ಷುದ್ರಗ್ರಹವೊಂದು ಆ ಹೆಸರಿನಿಂದ ಆಕಾಶದಲ್ಲಿ ಸುತ್ತುತ್ತಿದೆ. ಬೆಂಗಳೂರಿನಲ್ಲಿ ಹುಟ್ಟಿ ಗಣಿತಚಾತುರ್ಯದಿಂದ ಲೋಕವನ್ನೇ ಬೆರಗುಗೊಳಿಸಿದ ಶಕುಂತಲಾದೇವಿಯವರನ್ನು ಕುರಿತು ೨೦೨೦ರಲ್ಲಿ ಅವರ ಹೆಸರಿನದೇ ಹಿಂದಿ ಚಿತ್ರವೊಂದು ಬಂದಿತು. ಚಲಚ್ಚಿತ್ರಗಳ ಪಟ್ಟಿಯಲ್ಲಿ ಅಕಾರಾದಿಯಾಗಿ ಹುಡುಕುವವನಿಗೆ ಕಣ್ವಪುತ್ರಿಯೂ ಗಣಿತಜ್ಞೆಯೂ ಅಕ್ಕಪಕ್ಕದಲ್ಲಿ ಸಿಕ್ಕುವರು.

ಇಷ್ಟು ಶಾಕುಂತಲಗಳ ನಡುವೆ ನಿಂತು ನೋಡುವವನು ಪ್ರತಿಯೊಂದನ್ನೂ ಒಂದೇ ಪ್ರಶ್ನೆಯಿಂದ ಒರೆಗೆ ಹಚ್ಚಬಹುದೆಂದು ನನಗೆ ತೋರುತ್ತದೆ: ರಾಜಸಭೆಯಲ್ಲಿ ಅವಳು ಏನು ಮಾಡುತ್ತಾಳೆ? ವ್ಯಾಸರಲ್ಲಿ ವಾದಿಸುತ್ತಾಳೆ, ಕಾಳಿದಾಸನಲ್ಲಿ ಕೆರಳಿ ಕೊರಗುತ್ತಾಳೆ, ಪ್ಯಾರಿಸಿನಲ್ಲಿ ಕೈಸನ್ನೆ ಮಾಡುತ್ತಾಳೆ, ಬೊಲೊನ್ಯದಲ್ಲಿ ಸಭೆಯಿಂದ ಹೋದವಳು ಹಿಂದಿರುಗುವುದಿಲ್ಲ, ತಮಿಳಿನಲ್ಲಿ ಹಾಡುತ್ತಾಳೆ. ಗೋಡೆಯ ಮೇಲಿನ ಚಿತ್ರದಲ್ಲಿ ಸಭೆಯೇ ಇಲ್ಲ. ಹೆಸರು ಮಾತ್ರ ಎಲ್ಲ ಕಡೆಯೂ ಅದೇ. ಕಾಳಿದಾಸನ ಸೊಬಗಿಗೆ ಮನಸೋತವರಲ್ಲಿ ನಾನೂ ಒಬ್ಬನು. ಆದರೂ ನಮ್ಮ ಶಾಲೆಗಳಲ್ಲಿ ನಾಲ್ಕನೆಯ ಅಂಕವನ್ನು ಓದಿಸುವಾಗ, ಅದರ ಜೊತೆಗೆ ಆದಿಪರ್ವದ ಆ ಅಧ್ಯಾಯವನ್ನೂ ಓದಿಸಬಾರದೆ? ಅದಿಲ್ಲದೆ ಬೆಳೆದ ಹುಡುಗಿಯರು ಶಕುಂತಲೆಯೆಂದರೆ ಕಣ್ಣೀರಿಡುವವಳೆಂದು ಮಾತ್ರ ಬಲ್ಲರು.

ಶಾಂತಾರಾಮರು ೧೯೬೧ರಲ್ಲಿ ಅದೇ ಕಥೆಯನ್ನು ಎರಡನೆಯ ಸಲ ತೆಗೆದುಕೊಂಡು, ತಾವೇ ದುಷ್ಯಂತನಾಗಿ ನಟಿಸಿದರು. ಈ ಸಲ ಚಿತ್ರಕ್ಕೆ ಶಕುಂತಲೆಯ ಹೆಸರನ್ನಿಡಲಿಲ್ಲ. ‘ಸ್ತ್ರೀ’ ಎಂದಷ್ಟೇ ಇಟ್ಟರು. ೨೦೨೩ರಲ್ಲಿ ತೆಲುಗಿನಲ್ಲಿ ಗುಣಶೇಖರರು ತೆಗೆದ ಚಿತ್ರವು ಹಳೆಯ ಹೆಸರಿಗೆ ಮರಳಿತು. ಅದೂ ಹುಡುಗಿಯ ಹೆಸರಿಗಲ್ಲ, ದೀರ್ಘಾಕ್ಷರದಿಂದ ಮೊದಲಾಗುವ ಕೃತಿಯ ಹೆಸರಿಗೆ: ಶಾಕುಂತಲಂ. ಅಭಿಜ್ಞಾನವೆಂಬ ಮಾತು ಅಲ್ಲಿಯೂ ಇಲ್ಲ.